ಸಂಸ್ಕೃತಿಯಲ್ಲಿ 77, ಡಿಸ್ಟಿಂಕ್ಷನ್!

ಆ ಮೇಲ್ ನಿಮಗೂ ಬಂದಿರುತ್ತದೆ ಬಿಡಿ. ಬೆಂಗಳೂರಿನಲ್ಲಿ ಕೊರಳಿಗೆ ಐಟಿ ಬ್ಯಾಡ್ಜ್ ಹಾಕಿಕೊಂಡ ಯಾರಿಗೆ ಬಂದಿಲ್ಲ? 'ಅಂತರರಾಷ್ಟ್ರೀಯ ವ್ಯವಹಾರದಲ್ಲಿ ಸಾಂಸ್ಕೃತಿಕ ಮೌಲ್ಯಗಳ ವ್ಯತ್ಯಾಸ.' 55 ನಿಮಿಷದ ಟ್ರೈನಿಂಗ್, ಕೊನೆಗೆ 20 ಪ್ರಶ್ನೆ, 80 ಪರ್ಸೆಂಟ್ ಬರದಿದ್ದರೆ ಮತ್ತೆ ಮೊದಲಿಂದ. ಶುಕ್ರವಾರದೊಳಗೆ ಮುಗಿಸದಿದ್ದರೆ ಲಾಗಿನ್ ಬಂದ್ ಅಂತ ಕೆಂಪಕ್ಷರದಲ್ಲಿ ಬೆದರಿಕೆ ಬೇರೆ. ಆಫೀಸ್ ಟೈಮಲ್ಲಿ ಮಾಡುವ ಹಾಗಿಲ್ಲ, ಆ ಗಂಟೆಗಳಿಗೆ ಕ್ಲೈಂಟ್ ದುಡ್ಡು ಕೊಡುತ್ತಾನೆ. ಹಾಗಾಗಿ ಗುರುವಾರ ರಾತ್ರಿ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, 11 ಗಂಟೆಗೆ ಕೂತೆ. ಮೂರನೇ ಅಧ್ಯಾಯದ ಹೆಸರು 'ಇನ್ನೊಬ್ಬರ ಸಮಯವನ್ನು ಗೌರವಿಸುವುದು'.

ನಾಲ್ಕನೇ ಪ್ರಶ್ನೆಯಲ್ಲೇ ಬಿದ್ದೆ. 'ನಿಮ್ಮ ಭಾರತೀಯ ಸಹೋದ್ಯೋಗಿ ತಲೆಯನ್ನು ಅತ್ತಿತ್ತ ಓಲಾಡಿಸಿದರೆ ಅದರ ಅರ್ಥವೇನು?' ಪಕ್ಕದಲ್ಲಿ ಕುರ್ತಾ ಹಾಕಿದ, ದಪ್ಪ ಮೀಸೆಯ ಗೊಂಬೆಯೊಂದು ಫ್ಯಾನಿನ ಹಾಗೆ ತಲೆ ತಿರುಗಿಸುತ್ತಿತ್ತು. ಹೌದು, ಇಲ್ಲ, ಇರಬಹುದು, ಆತ ಕೇಳಿಸಿಕೊಳ್ಳುತ್ತಿದ್ದಾನೆ ಅಂತ ನಾಲ್ಕು ಆಯ್ಕೆ. ನಾನು 'ಹೌದು' ಒತ್ತಿದೆ. ತಪ್ಪು. ನನ್ನದೇ ತಲೆ, ನನ್ನದೇ ಕುತ್ತಿಗೆ, 43 ವರ್ಷದಿಂದ ಬಳಸುತ್ತಿದ್ದೇನೆ, ಆದರೂ ಫೇಲ್! ಬಾತ್‌ರೂಮಿಗೆ ಹೋಗಿ ಕನ್ನಡಿ ಮುಂದೆ ನಿಂತು ಒಮ್ಮೆ ಆಡಿಸಿ ನೋಡಿದೆ. ಹೆಂಡತಿ ಬಾಗಿಲಲ್ಲಿ ನಿಂತು, "ಏನ್ರೀ, ಕುತ್ತಿಗೆ ಹಿಡ್ಕೊಂಡಿದ್ಯಾ? ಎಣ್ಣೆ ಹಚ್ಲಾ?" ಅಂದಳು. ನಾನು ತಲೆ ಆಡಿಸಿದೆ. ಅವಳಿಗೆ ಅರ್ಥವಾಯಿತು, ಎಣ್ಣೆ ತಂದಳು. ಅವಳು ಈ ಟ್ರೈನಿಂಗ್ ಮಾಡಿಲ್ಲ.

ಇಷ್ಟಕ್ಕೂ ಇದು ಹೊರಗಿನವರಿಗೆ ನಮ್ಮನ್ನು ಅರ್ಥ ಮಾಡಿಸಲು ತಯಾರಿಸಿದ ಪಾಠ. ಅದನ್ನು ನಮಗೇ ಕಡ್ಡಾಯ ಮಾಡಿದ್ದಾರೆ. ಅವರು ಯಾರೂ ಮಾಡಿದಂತಿಲ್ಲ. ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಕ್ಲೈಂಟ್ ಕಡೆಯವರು ಆರಡಿ ಎತ್ತರದ, ನಿಜವಾಗಿಯೂ ಮೀಸೆ ಇರುವ ನನ್ನನ್ನು 'ಹಾಯ್ ಚಿಕ್' ಅನ್ನುತ್ತಾರೆ. ಇಂಗ್ಲಿಷ್ ಆಡುಮಾತಿನಲ್ಲಿ ಚಿಕ್ ಅಂದರೆ ಹುಡುಗಿ. ಅದಕ್ಕೊಂದು ಕಥೆ ಇದೆ. ನಮ್ಮ ಮನೆಯಲ್ಲಿ ಸರ್‌ನೇಮ್ ಅನ್ನೋದು ಇಲ್ಲ. ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿಗೆ, ಒಂದು ಅಪ್ಪನಿಗೆ, ಮುಗೀತು. ಪಾಸ್‌ಪೋರ್ಟ್ ಮಾಡಿಸುವಾಗ ಏಜೆಂಟ್, "ಸರ್‌ನೇಮ್ ಖಾಲಿ ಬಿಟ್ರೆ ವೀಸಾಗೆ ತೊಂದರೆ ಸಾರ್" ಅಂತ ಹೇಳಿ ಆ ಜಾಗಕ್ಕೆ ಊರನ್ನೇ ತುಂಬಿದ. ನಮ್ಮೂರು ಚಿಕ್ಕನಾಯಕನಹಳ್ಳಿ. ಇಂಗ್ಲಿಷಿನಲ್ಲಿ 19 ಅಕ್ಷರ. ಅತ್ತ ಕಡೆಯವರು ಮೊದಲ ನಾಲ್ಕಕ್ಕೆ ಸುಸ್ತಾದರು. ಹದಿಮೂರು ವರ್ಷದಿಂದ ನಾನು ಚಿಕ್. ಪುಣ್ಯಕ್ಕೆ ಕಾಲ್ ಸೆಂಟರ್ ಕಾಲದಲ್ಲಿ ಕೆಲಸಕ್ಕೆ ಸೇರಲಿಲ್ಲ, ಆಗ ಹಗಲು ಸಾವಿತ್ರಿ ಆಗಿದ್ದವಳು ರಾತ್ರಿ ಪಾಳಿಗೆ ಸೂಸನ್ ಆಗಬೇಕಿತ್ತು. ನನ್ನದು ಕನಿಷ್ಠ ಊರಿನ ತಲೆಯಾದರೂ ಉಳಿದಿದೆ.

ಇರಲಿ, ಪಾಠಕ್ಕೆ ಬರೋಣ. ಅದರಲ್ಲಿ ಒಂದು ಗ್ರಾಫ್ ಬಂತು. 'ಅಧಿಕಾರದ ಅಂತರ': ಭಾರತ 77, ಜರ್ಮನಿ 35, ಅಮೆರಿಕ 40. ಅಂದರೆ ನಾವು ಮೇಲಿನವರಿಗೆ ಜಾಸ್ತಿ ತಲೆಬಾಗುವ ಜನ. ಡಿಗ್ರಿ ಲೆಕ್ಕದಲ್ಲಿ 77 ಅಂದರೆ ಡಿಸ್ಟಿಂಕ್ಷನ್. ಪಕ್ಕದ ಮನೆಯವರಿಗೆ ಪೇಡ ಹಂಚಬೇಕು. ಜರ್ಮನಿ ಜಸ್ಟ್ ಪಾಸು.

ಈ ಮಾರ್ಕ್ಸ್ ಹಾಕಿದ್ದು ಯಾರು ಅಂತ ನೋಡಿದರೆ, ಹೀರ್ಟ್ ಹಾಫ್‌ಸ್ಟೆಡ್ ಎಂಬ ಡಚ್ ಪಂಡಿತರು. 1967ರಿಂದ 73ರವರೆಗೆ ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂ ತನ್ನ ನೌಕರರಿಂದ ತುಂಬಿಸಿಕೊಂಡ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳಿಂದ ಅವರು ದೇಶ ದೇಶಗಳ ಜಾತಕ ಬರೆದರು. ಭಾರತ ಅಂದರೆ ಏನು ಅಂತ ತೀರ್ಮಾನವಾದದ್ದು ಅಂದಿನ ಐಬಿಎಂ ನೌಕರರ ಉತ್ತರದಿಂದ. ಪಾಕಿಸ್ತಾನದ ಪಾಡು ಇನ್ನೂ ಚಂದ. ಅಲ್ಲಿ ಮೊದಲ ಸಲ ಉತ್ತರ ಕೊಟ್ಟವರು 37 ಜನ, ಎರಡನೇ ಸಲ 70. ನಮ್ಮ ಕಡೆ ಮದುವೆ ಊಟದಲ್ಲಿ ಒಂದು ಪಂಕ್ತಿಗೆ ಇದಕ್ಕಿಂತ ಜಾಸ್ತಿ ಎಲೆ ಹಾಕುತ್ತಾರೆ. ಅಷ್ಟು ಜನ ಸೇರಿ ಉಪ್ಪಿನಕಾಯಿ ಹೇಗಿದೆ ಅಂತಲೂ ಒಮ್ಮತಕ್ಕೆ ಬರಲ್ಲ.

ಇದರಲ್ಲೊಂದು ತಮಾಷೆ ಇದೆ. ವಿದೇಶಿ ಕಂಪನಿಗಳು ಇಲ್ಲಿನವರಿಗೆ ಷೇರು ಬಿಟ್ಟುಕೊಡಬೇಕು ಅಂತ ನಮ್ಮ ಸರ್ಕಾರ ಪಟ್ಟು ಹಿಡಿದಾಗ ಆಗಲ್ಲ ಅಂದ ಐಬಿಎಂ 1978ರಲ್ಲಿ ಗಂಟುಮೂಟೆ ಕಟ್ಟಿತು. ಆಗ ಕೈಗಾರಿಕಾ ಮಂತ್ರಿ ಯಾರು? ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಅಧಿಕಾರಕ್ಕೆ ತಲೆಬಾಗುವುದರಲ್ಲಿ 77 ತೆಗೆದ ದೇಶದವರು! ಐಬಿಎಂ 1992ರಲ್ಲಿ ಟಾಟಾ ಜೊತೆ ಸೇರಿ ವಾಪಸ್ ಬಂತು. 77 ಮಾತ್ರ ಎಲ್ಲೂ ಹೋಗಿರಲಿಲ್ಲ. ಇವತ್ತಿಗೂ ನನ್ನ ಸ್ಲೈಡಿನಲ್ಲಿ ಕೂತಿದೆ.

ಗ್ರಾಫಿನ ಕೆಳಗೆ ಒಂದು ಸಾಲು: 'ಭಾರತೀಯರಿಗೆ ಇಲ್ಲ ಎನ್ನುವುದು ಕಷ್ಟ.' ಇದನ್ನು ಬರೆದವರು ಹೆಣ್ಣು ನೋಡುವ ಶಾಸ್ತ್ರಕ್ಕೆ ಒಮ್ಮೆಯೂ ಹೋಗಿಲ್ಲ. ಉಪ್ಪಿಟ್ಟು, ಕೇಸರಿಬಾತ್ ತಿಂದು, ಎರಡು ಲೋಟ ಕಾಫಿ ಕುಡಿದು, "ಮನೇಲಿ ಹಿರಿಯರನ್ನ ಕೇಳಿ ಫೋನ್ ಮಾಡ್ತೀವಿ" ಅಂದರೆ ಏನರ್ಥ? ಹದಿನೈದು ದಿನ ಬಿಟ್ಟು "ಜಾತಕ ಕೂಡಿ ಬರಲಿಲ್ಲ" ಅಂದರೆ? ಗ್ರಹಗಳ ಮೇಲೆ ಹಾಕಿಬಿಟ್ಟರೆ ಎರಡೂ ಮನೆಯವರ ಮಾನ ಉಳಿಯುತ್ತದೆ, ನಾಳೆ ಬೇರೆ ಮದುವೆಯಲ್ಲಿ ಸಿಕ್ಕಾಗ ಊಟ ಆಯ್ತಾ ಅಂತ ಕೇಳಬಹುದು. ಹೊರಡುವಾಗ ನಾವು ಹೋಗ್ತೀನಿ ಅನ್ನಲ್ಲ, ಬರ್ತೀನಿ ಅನ್ನುತ್ತೇವೆ. ಅಷ್ಟೇ ಯಾಕೆ, ದೆವ್ವ ಬಂದು ಬಾಗಿಲು ತಟ್ಟುತ್ತದೆ ಅಂತ ಊರೂರಲ್ಲಿ ಸುದ್ದಿ ಹಬ್ಬಿದಾಗ ಬಾಗಿಲ ಮೇಲೆ ಏನು ಬರೆದೆವು? 'ಬರಬೇಡ' ಅಂತಲಾ? 'ನಾಳೆ ಬಾ' ಅಂತ! ದೆವ್ವದ ಮನಸ್ಸನ್ನೂ ನೋಯಿಸದ ಜನ ನಾವು. ಅದೂ ಪಾಪ ಓದಿಕೊಂಡು ಹೋಗುತ್ತಿತ್ತಂತೆ. ಈ ಉಪಾಯವನ್ನು ನಾನು ಸ್ಟೇಟಸ್ ರಿಪೋರ್ಟಿನಲ್ಲೂ ಮಾಡಿ ನೋಡಿದ್ದೇನೆ. ತೊಂದರೆ ಏನಂದರೆ, ಕ್ಲೈಂಟ್ ಮಾರನೇ ದಿನ ನಿಜವಾಗಿಯೂ ಬರುತ್ತಾನೆ.

ಆದರೆ ಕಾಲ್‌ನಲ್ಲಿ ನಡೆಯುವುದೇ ಬೇರೆ. ನಮ್ಮ ಕಾಲ್ ರಾತ್ರಿ 9:30ಕ್ಕೆ. ಅಮೆರಿಕದ ಪೂರ್ವ ತೀರದಲ್ಲಿ ಆಗ ಮಧ್ಯಾಹ್ನ 12. ನವೆಂಬರ್‌ನಲ್ಲಿ ಅವರು ತಮ್ಮ ಗಡಿಯಾರ ಒಂದು ಗಂಟೆ ಹಿಂದೆ ಹಾಕುತ್ತಾರೆ, ನಮ್ಮ ಕಾಲ್ 10:30ಕ್ಕೆ ಜಾರುತ್ತದೆ. ಬೆಂಗಳೂರಿನ ಸೂರ್ಯ ಏನು ತಪ್ಪು ಮಾಡಿದ್ದ ಗೊತ್ತಿಲ್ಲ. ಹೋದ ತಿಂಗಳು ಒಂದು ದಿನ ಅತ್ತಲಿಂದ ಪ್ರಶ್ನೆ ಬಂತು, ಶುಕ್ರವಾರಕ್ಕೆ ಆಗುತ್ತಾ ಅಂತ. ನಮ್ಮ ಟೀಮಿನ ಹುಡುಗಿ, ಕೆಲಸ ಪೂರ್ತಿ ಗೊತ್ತಿರುವವಳು ಅವಳೊಬ್ಬಳೇ, ಮ್ಯೂಟ್ ತೆಗೆದಳು. "ಆಕ್ಚುವಲಿ, ಮೂರು ವಾರ..." ಅನ್ನುವಷ್ಟರಲ್ಲಿ ಅವಳ ಸ್ಕ್ರೀನಿನ ಮೂಲೆಯಲ್ಲಿ ಮ್ಯಾನೇಜರ್ ಮೆಸೇಜ್ ಟಣ್ ಅಂತು. 'ಯೆಸ್ ಅನ್ನು.' ಅವಳು ಸ್ಕ್ರೀನ್ ಶೇರ್ ಮಾಡಿದ್ದಳು. ನಾವೆಲ್ಲ ನೋಡಿದೆವು, ಕ್ಲೈಂಟೂ ನೋಡಿದ, ಅದೃಷ್ಟಕ್ಕೆ ಮೆಸೇಜ್ ಕನ್ನಡದಲ್ಲಿತ್ತು. ಅವಳು ಯೆಸ್ ಅಂದಳು. ಶುಕ್ರವಾರಕ್ಕೆ ಆಗುತ್ತೆ ಅಂತ ಮಾತು ಕೊಟ್ಟು ಡೀಲ್ ಹಿಡಿದವನು ಸೇಲ್ಸ್‌ನವನು, ಅದೂ ಎರಡು ತಿಂಗಳ ಹಿಂದೆ. ಹುಡುಗಿಯ ಬಾಯಿಗೆ 'ಆಗಲ್ಲ' ಬಂದಿತ್ತು ಸ್ವಾಮಿ. ಅದನ್ನು ಕಿತ್ತುಕೊಂಡು, ಕೆಲಸ ತಡವಾದ ಮೇಲೆ, ಭಾರತೀಯ ಸಂಸ್ಕೃತಿಯಲ್ಲಿ ನಿರಾಕರಣೆ ಕಷ್ಟ ಅಂತ ಅವಳಿಗೇ ಟ್ರೈನಿಂಗ್ ಹಚ್ಚಿದರು.

ಸಂಸ್ಕೃತಿ ಕಲಿಯದೆ ಕೈಸುಟ್ಟುಕೊಂಡ ದೊಡ್ಡವರ ಪಾಠವೂ ಇತ್ತು, ಅದು ಮಾತ್ರ ಚೆನ್ನಾಗಿತ್ತು. ವಾಲ್‌ಮಾರ್ಟ್ 1997ರ ಕೊನೆಗೆ ಜರ್ಮನಿಗೆ ಹೋಗಿ, ಗಿರಾಕಿಗಳನ್ನು ನೋಡಿ ನಗಬೇಕು ಅಂತ ಕೆಲಸದವರಿಗೆ ಹೇಳಿತು. ಸುಮ್ನೆ ಸಾಮಾನು ತಗೊಂಡು ಹೋಗೋಣ ಅಂತ ಬಂದ ಜರ್ಮನ್ನರು ಕಂಗಾಲಾದರು, ಕೆಲವು ಗಂಡಸರು ಇದೇನೋ ಬೇರೆ ನಗು ಅಂದುಕೊಂಡರು. 2006ರಲ್ಲಿ ಸುಮಾರು ನೂರು ಕೋಟಿ ಡಾಲರ್ ಕಳೆದುಕೊಂಡು ಅಂಗಡಿ ಮಾರಿ ಹೊರಟಿತು. ಕೆಲ್ಲಾಗ್ಸ್ 1994ರಲ್ಲಿ ನಮ್ಮಲ್ಲಿಗೆ ಬಂದಾಗ ತನ್ನ ಕಾರ್ನ್‌ಫ್ಲೇಕ್ಸನ್ನು ತಣ್ಣನೆ ಹಾಲಲ್ಲಿ ಗರಿಗರಿಯಾಗಿ ತಿನ್ನಿ ಅಂತು. ನಾವು ಕುದಿಯೋ ಹಾಲು ಹೊಯ್ದೆವು. ಅದು ಮುದ್ದೆಯಾಯಿತು. ನಮ್ಮಜ್ಜಿ ಒಂದು ಚಮಚ ಬಾಯಿಗಿಟ್ಟು, "ಅವಲಕ್ಕಿ ಕೆಟ್ಟಿದೆ" ಅಂದಳು. ಮಧ್ಯದಲ್ಲಿ ಹೇಳಿಬಿಡುತ್ತೇನೆ, ಅವಲಕ್ಕಿಯ ಮುಂದೆ ಇದೆಲ್ಲ ಏನೂ ಅಲ್ಲ. ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಕುಟ್ಟಿ, ಹುಣಸೆರಸ, ಬೆಲ್ಲ, ಸಾರಿನ ಪುಡಿ ಕಲಸಿಟ್ಟು, ಅರ್ಧ ಗಂಟೆ ಬಿಟ್ಟು, ಇಂಗಿನ ಒಗ್ಗರಣೆ ಕೊಟ್ಟು, ಮೇಲೆ ನಮ್ಮೂರ ಕಡೆಯ ಕೊಬ್ಬರಿ ತುರಿ ಉದುರಿಸಿದ ಗೊಜ್ಜವಲಕ್ಕಿ ತಿಂದಿದ್ದರೆ ಆ ಕಂಪನಿ ಅಲ್ಲಿಂದಲೇ ಕಾರ್ಖಾನೆ ಮುಚ್ಚಿಕೊಂಡು ಬರುತ್ತಿತ್ತು. ಕೊನೆಗೆ ಅವರೂ ಉಪ್ಪಿಟ್ಟು ಮಾರಲು ಇಳಿದರು. ಎಷ್ಟು ಬೇಗ ಕಲಿಯುತ್ತಾರೆ ನೋಡಿ, ಕೊಳ್ಳುವವರು ನಾವಾದರೆ!

ನಾವು ದುಡಿಯುವವರಾದಾಗ ಮಾತ್ರ ಕಲಿಯಬೇಕಾದವರೂ ನಾವೇ. ನಮ್ಮ ಹಿರಿಯರೂ ಅದಕ್ಕೆ ತಕ್ಕ ಹಾಗೇ ಇದ್ದಾರೆ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯಿರಿ ಎಂದು ಹೇಳಿ, ಯುದ್ಧ ಮುಗಿದ ಮೇಲೆ ಜರ್ಮನ್ನರು, ಜಪಾನೀಯರು ಹೀಗೇ ಮಾಡಿದ್ದು ಅಂದರು. 2025ರಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90 ಗಂಟೆಗೆ ಏರಿಸಿದ್ದು, ಹೆಂಡತಿ ಮುಖ ಎಷ್ಟು ಹೊತ್ತು ನೋಡ್ತೀರಿ ಅಂದದ್ದು ನಿಮಗೆ ಗೊತ್ತೇ ಇದೆ. ಯಾವ ಯುದ್ಧ ಮುಗಿದಿದೆ ಅಂತ ಯಾರೂ ಕೇಳಲಿಲ್ಲ. ಇವತ್ತು ಶ್ರೀಮಂತ ದೇಶಗಳಲ್ಲಿ ವರ್ಷಕ್ಕೆ ಅತಿ ಕಡಿಮೆ ಗಂಟೆ ದುಡಿಯುವವರ ಸಾಲಿನಲ್ಲಿ ಅದೇ ಜರ್ಮನ್ನರು ಇದ್ದಾರೆ. ಅಲ್ಲಿನ ಕಾರು ಕಂಪನಿ ಡೈಮ್ಲರ್‌ನಲ್ಲಂತೂ ರಜೆಯಲ್ಲಿರುವವನಿಗೆ ಬಂದ ಮೇಲ್ ತಾನಾಗಿ ಅಳಿಸಿಹೋಗುವ ವ್ಯವಸ್ಥೆ ಮಾಡಿದ್ದು 2014ರಲ್ಲೇ ಸುದ್ದಿಯಾಗಿತ್ತು. ಅಳಿಸಿಹೋಗುವುದು! ನಾನು ಅಜ್ಜಿಯ ತಿಥಿಗೆ ಊರಿಗೆ ಹೋದಾಗ ಪಿಂಡದ ಎಲೆಯ ಪಕ್ಕ ಫೋನ್ ಇಟ್ಟುಕೊಂಡಿದ್ದೆ. ಕಾಗೆ ಬಂತು, ಕಾಲೂ ಬಂತು.

ಇಷ್ಟು ಹೊತ್ತು ತಮಾಷೆ ಮಾಡಿದೆ. ಈ ಟ್ರೈನಿಂಗಿನಲ್ಲಿ 'ಕಾರ್ಮಿಕರು ಮತ್ತು ಸಂಸ್ಕೃತಿ' ಅಂತ ಒಂದು ಪುಟ ಇತ್ತು, ಪೂರ್ವ ಏಷ್ಯಾದ ಶಿಸ್ತು, ಭಾರತದ ಭಾವುಕತೆ ಅಂತೆಲ್ಲ. ಅದನ್ನು ಓದುವಾಗ ನೆನಪಾದದ್ದು ಕೋಲಾರದ ನರಸಾಪುರ. ಬೆಂಗಳೂರಿಂದ ಒಂದೂವರೆ ಗಂಟೆ ದಾರಿ. 2020ರ ಡಿಸೆಂಬರ್ 12. ಐಫೋನ್ ಜೋಡಿಸುತ್ತಿದ್ದ, ತೈವಾನ್ ಮೂಲದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಹುಡುಗರು ಗಾಜು ಒಡೆದರು. ಸುದ್ದಿವಾಹಿನಿಗಳಲ್ಲಿ ದಿನವಿಡೀ ಅದೇ ಗಾಜು. ಮೊದಲ ದೂರಿನಲ್ಲಿ ನಷ್ಟ 437 ಕೋಟಿ ರೂಪಾಯಿ, ಆಮೇಲೆ ಕಂಪನಿಯೇ ಹೇಳಿದ ಲೆಕ್ಕ 26ರಿಂದ 52 ಕೋಟಿ. ರಾಜ್ಯದ ಮಾನ ಹೋಯಿತು, ಹೂಡಿಕೆ ಓಡಿಹೋಗುತ್ತದೆ ಅಂತ ಎಷ್ಟು ಜನ ಎದೆ ಬಡಿದುಕೊಂಡರು. ಕಾರ್ಮಿಕರು ಹೇಳುತ್ತಿದ್ದದ್ದು ಒಂದೇ, 12 ಗಂಟೆ ಪಾಳಿ ಮಾಡಿದ್ದೇವೆ, ಸಂಬಳ ಪೂರ್ತಿ ಬಂದಿಲ್ಲ. ಹಾಜರಿ ವ್ಯವಸ್ಥೆಯೇ ಸರಿ ಇರಲಿಲ್ಲ ಅಂತ ಸರ್ಕಾರದ ತಪಾಸಣೆಯಲ್ಲೇ ಬಂತು. ಕೆಲವರಿಗೆ ಸಂಬಳ ಸರಿಯಾಗಿ ಕೊಟ್ಟಿಲ್ಲ ಅಂತ ಕಂಪನಿ ಒಪ್ಪಿಕೊಂಡು ಕ್ಷಮೆ ಕೇಳಿತು, ಆ್ಯಪಲ್ ಹೊಸ ಆರ್ಡರ್ ತಡೆಹಿಡಿಯಿತು. ಗಾಜು ಒಡೆದದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ತಿಂಗಳ ಕೊನೆಗೆ ಕೂಲಿ ಕೇಳುವುದು ಯಾವ ದೇಶದ ಮೌಲ್ಯ? ತೈವಾನಿನಲ್ಲಿ ಕೇಳಲ್ವಾ? ಅದಕ್ಕೆ ಯಾವ ಗ್ರಾಫ್ ಬೇಕು? ಎರಡು ವರ್ಷದ ಮೇಲೆ, 2023ರಲ್ಲಿ, ನಮ್ಮದೇ ವಿಧಾನಮಂಡಲ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ 12 ಗಂಟೆ ದುಡಿಸಬಹುದು ಅಂತ ಮಾಡಿತು. ಪಾಠ ಕಲಿತವರು ಯಾರು, ಕಲಿತ ಪಾಠ ಯಾವುದು ಅಂತ ನನಗೆ ಬರೆಯಲೂ ಬೇಜಾರು.

ಸರಿ. ಕ್ವಿಜ್ ಎರಡನೇ ಸಲ ಮಾಡಿದೆ. ಮೊದಲ ಸಲ ನನಗೆ ಗೊತ್ತಿದ್ದದ್ದನ್ನು ಒತ್ತಿ 55 ಬಂದಿತ್ತು. ಈ ಸಲ ಭಾರತದಲ್ಲಿ ಯಾವತ್ತೂ ಕಾಲಿಡದ ಮನುಷ್ಯ ಏನು ಒತ್ತುತ್ತಾನೆ ಅಂತ ಯೋಚಿಸಿ ಒತ್ತಿದೆ. 95. ರಾತ್ರಿ 12:40ಕ್ಕೆ ಪಟಾಕಿ ಹಾರುವ ಚಿತ್ರದ ಜೊತೆ ಸರ್ಟಿಫಿಕೇಟ್ ಬಂತು. ಅದರಲ್ಲಿ ಸರ್‌ನೇಮ್ ಮಾತ್ರ ಅಚ್ಚಾಗುತ್ತದಂತೆ. 'ಅಂತರರಾಷ್ಟ್ರೀಯ ಸಾಂಸ್ಕೃತಿಕ ಸೂಕ್ಷ್ಮತೆಯ ತರಬೇತಿಯನ್ನು ಚಿಕ್ಕನಾಯಕನಹಳ್ಳಿ ಯಶಸ್ವಿಯಾಗಿ ಪೂರೈಸಿದೆ' ಅನ್ನುವ ಅರ್ಥ ಬರುವ ಹಾಗೆ, ಬಂಗಾರದ ಬಣ್ಣದ ಅಂಚಿನ ಒಳಗೆ.

ಮನೆಯವರ ಗ್ರೂಪಿಗೆ ಹಾಕಿದೆ. ಬೆಳಗ್ಗೆ ಐದೂವರೆಗೆ ಚಿಕ್ಕಪ್ಪನ ಫೋನ್, ತೋಟದಿಂದ. "ಏನಪ್ಪಾ, ನಮ್ಮೂರಿಗೆ ಯಾವುದೋ ಪ್ರಶಸ್ತಿ ಬಂದಿದೆಯಂತೆ. ದುಡ್ಡೇನಾದ್ರೂ ಕೊಡ್ತಾರಾ? ಬಸ್ ಸ್ಟ್ಯಾಂಡಿನ ಶೌಚಾಲಯದ ಬಾಗಿಲು ಮುರಿದು ವರ್ಷ ಆಯ್ತು."

"ನೋಡೋಣ ಚಿಕ್ಕಪ್ಪ," ಅಂದೆ.

"ಗೊತ್ತಾಯ್ತು ಬಿಡು," ಅಂತ ಫೋನಿಟ್ಟರು.