ಪರದೆ ಮೇಲೆ ಬಾಯ್ಲರ್ ಕೆಡೋದಿಲ್ಲ

ಅಮೆರಿಕದ ಸೇನೆಯ ಸರಕು ಹಡಗುಗಳ ವೇಳಾಪಟ್ಟಿಗೂ ಈಗ ಎಐ ಬರುತ್ತಿದೆಯಂತೆ. ಬರಲಿ, ಸಂತೋಷ. ಯಾವ ಟ್ಯಾಂಕು ಯಾವ ಬಂದರಿನಿಂದ, ಯಾವ ಹಡಗಿನಲ್ಲಿ, ಎಷ್ಟು ಗಂಟೆಗೆ ಹೊರಡಬೇಕು ಅಂತ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿಬಿಡುತ್ತದೆ. ಹೊರಡೋದು ಹಡಗಿನ ಕೆಲಸ. ಅದಕ್ಕೆ ಕಂಪ್ಯೂಟರನ್ನು ಬೈಯೋದು ಸರಿಯಲ್ಲ, ಅಲ್ವಾ?

ಈ ಸಂಭ್ರಮ ಹೊಸದೂ ಅಲ್ಲ. ನೌಕಾಪಡೆಯ ಎಣ್ಣೆ ಸಾಗಿಸೋಕೆ ಕನಿಷ್ಠ ಎಷ್ಟು ಟ್ಯಾಂಕರ್ ಸಾಕು ಅಂತ ಡಾಂಟ್ಜಿಗ್, ಫುಲ್ಕರ್ಸನ್ ಎಂಬಿಬ್ಬರು ಗಣಿತಜ್ಞರು 1954ರಲ್ಲೇ ಚೊಕ್ಕವಾಗಿ ಲೆಕ್ಕ ಹಾಕಿ ತೋರಿಸಿದ್ದರು. ಆಮೇಲೆ 1978ರಲ್ಲಿ 'ನಿಫ್ಟಿ ನಗೆಟ್' ಅಂತ ಒಂದು ತಾಲೀಮು. ಯುರೋಪಿಗೆ ಸೈನ್ಯ ಸಾಗಿಸುವ ಆಟ, ಪೂರ್ತಿ ಕಾಗದದ ಮೇಲೆ. ಗುಂಡು ಹಾರಿಸೋ ಶತ್ರುವೇ ಇರಲಿಲ್ಲ. ಆದರೂ ಸೋತರು!

ನನಗೆ ತುಂಬಾ ಇಷ್ಟವಾದದ್ದು ಮಾತ್ರ ಕೊಲ್ಲಿ ಯುದ್ಧದ ಕಂಟೇನರ್ ಕಥೆ. ಸುಮಾರು 40,000 ಕಂಟೇನರ್ ಕಳಿಸಿದರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿಯದರ ಒಳಗೆ ಏನಿದೆ ಅಂತ ಅಲ್ಲಿದ್ದವರಿಗೆ ಗೊತ್ತಿಲ್ಲ. ಹಾಗಾಗಿ ಮರುಭೂಮಿಯ ಬಿಸಿಲಲ್ಲಿ ಒಂದೊಂದೇ ಬಾಗಿಲು ತೆಗೆದು ಇಣುಕಬೇಕಾಯ್ತು. ಇದರಲ್ಲಿ ಟೈರಾ, ಇದರಲ್ಲಿ ಟೆಂಟಾ? ತಮಾಷೆ ಅಂದರೆ, ಅದೇ ಯುದ್ಧದ ಹೊತ್ತಿಗೆ ಬಂದ 'ಡಾರ್ಟ್' ಎಂಬ ಸಾಗಣೆ ಯೋಜನೆಯ ತಂತ್ರಾಂಶವೊಂದರಿಂದಲೇ, ಎಐ ಸಂಶೋಧನೆಗೆ 30 ವರ್ಷ ಸುರಿದ ದುಡ್ಡೆಲ್ಲ ವಾಪಸ್ ಬಂತು ಅಂತ ಬೆನ್ನು ತಟ್ಟಿಕೊಂಡರು. ಬಾಗಿಲು ತೆಗೆದವರ ಬೆನ್ನು ಯಾರೂ ತಟ್ಟಿದಂತಿಲ್ಲ.

ಹಾಂ, 'ಆಂಟಾರೆಸ್' ಬಗ್ಗೆ ಹೇಳಲೇಬೇಕು. ವೇಗಕ್ಕೆ ಹೆಸರಾದ ಹಡಗು. 1990ರಲ್ಲಿ, ಅದೇ ಕೊಲ್ಲಿ ಯುದ್ಧಕ್ಕೆ, 24ನೇ ಕಾಲಾಳು ಡಿವಿಷನ್ನಿನ ಸರಂಜಾಮು ತುಂಬಿಕೊಂಡು ಹೊರಟದ್ದು ಅಟ್ಲಾಂಟಿಕ್ ನಡುವೆ ಕೆಟ್ಟು ನಿಂತಿತು. ಕೊನೆಗೆ ಸ್ಪೇನಿನ ರೋಟಾಕ್ಕೆ ಎಳೆದುಕೊಂಡು ಹೋದರು. ವೇಳಾಪಟ್ಟಿಯಲ್ಲಿ 'ಎಳೆದೊಯ್ಯುವುದು' ಅಂತ ಕಾಲಂ ಇರಲಿಲ್ಲ, ಪಾಪ.

ನಗು ಬರೋದು ಇಲ್ಲಿವರೆಗೆ. ಯುದ್ಧ ಬಂದರೆ ಸರಕು ಸಾಗಿಸಲಿ ಅಂತ ಸೇನೆ ಕಾದಿರಿಸಿದ ಹಡಗುಗಳನ್ನು 2019ರ ಸೆಪ್ಟೆಂಬರ್‌ನಲ್ಲಿ ಮುನ್ಸೂಚನೆ ಕೊಡದೆ ಪರೀಕ್ಷೆ ಮಾಡಿದರಲ್ಲ, ಆಗ 61 ಹಡಗುಗಳಲ್ಲಿ ಸಿದ್ಧವಾಗಿದ್ದದ್ದು ಸುಮಾರು 40. ಸರಾಸರಿ ವಯಸ್ಸು 40 ದಾಟಿದ ಹಡಗುಗಳು, ಕೆಲವು ಇನ್ನೂ ಹಬೆಯಲ್ಲೇ ಓಡುವಂಥವು, ಆ ಹಬೆ ಯಂತ್ರ ಬಲ್ಲ ಎಂಜಿನಿಯರುಗಳೋ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಇದೆಲ್ಲ ಅವರದೇ ವರದಿಗಳಲ್ಲಿ ಇರುವ ಮಾತು, ಗುಟ್ಟೇನೂ ಅಲ್ಲ. ತುಕ್ಕು ಕೆರೆಯೋಕೆ, ಪೈಪ್ ಬದಲಿಸೋಕೆ, ನಾಲ್ಕು ಜನಕ್ಕೆ ಕೆಲಸ ಕಲಿಸೋಕೆ ದುಡ್ಡು ಕೇಳಿದರೆ ಮುಂದಿನ ವರ್ಷ ನೋಡೋಣ ಅನ್ನೋದು, ಹೊಸ ಡ್ಯಾಶ್‌ಬೋರ್ಡ್ ಅಂದ ಕೂಡಲೇ ಸಹಿ ಹಾಕೋದು. ಸಾಕಾಗಿದೆ ಸ್ವಾಮಿ. ಮೊದಲು ಬಾಯ್ಲರ್ ರಿಪೇರಿ ಮಾಡಿಸಿ.