ಪೂರ್ತಿ ವಿಡಿಯೋ ಸರ್ಕಾರದ ಕೈಗೆ ಸಿಗಲಿ
ಚಾಲಕರಿಲ್ಲದ ಕಾರುಗಳಿಗೆ ಬೇಗ ಅನುಮತಿ ಕೊಡಿ, ತಪಾಸಣೆ ಜಾಸ್ತಿಯಾದರೆ ಕೆಲಸ ನಿಂತುಹೋಗುತ್ತದೆ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಗಿದ್ದನ್ನೇ ನೋಡಿ. 2023ರ ಆಗಸ್ಟ್‌ನಲ್ಲಿ ಚಾಲಕರಿಲ್ಲದ ಕಾರು ಓಡಿಸುವ ಕಂಪನಿಗಳಾದ ಕ್ರೂಸ್, ವೇಮೋ ಎರಡಕ್ಕೂ ಅಲ್ಲಿ ಹಗಲೂ ರಾತ್ರಿ ಬಾಡಿಗೆ ಓಡಿಸಲು ಅನುಮತಿ ಸಿಕ್ಕಿತು. ಅಕ್ಟೋಬರ್ 2ರ ರಾತ್ರಿ, ಬೇರೊಂದು ಕಾರು ಗುದ್ದಿದ ಹೆಂಗಸೊಬ್ಬರು ಕ್ರೂಸ್ ಕಾರಿನ ಮುಂದೆ ಬಂದು ಬಿದ್ದರು. ಬ್ರೇಕ್ ಹಾಕಿದರೂ ಅದು ಅವರಿಗೆ ಬಡಿಯಿತು. ನಿಂತಿತು. ಆಮೇಲೆ ರಸ್ತೆ ಪಕ್ಕಕ್ಕೆ ಸರಿಯಲು ಮತ್ತೆ ಹೊರಟು, ಅಡಿಯಲ್ಲಿ ಸಿಕ್ಕಿಕೊಂಡಿದ್ದ ಅವರನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಡ್ರೈವರ್ ಇದ್ದಿದ್ದರೆ ಇಳಿದು ನೋಡುತ್ತಿದ್ದ, ಅಲ್ವಾ?

ನನಗೆ ಇನ್ನೂ ಸಂಕಟವಾಗಿದ್ದು ಆಮೇಲೆ ನಡೆದದ್ದು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಗೆ ಕೊಟ್ಟ ವರದಿಯಲ್ಲಿ ಕಂಪನಿ ಈ ಎಳೆದ ವಿಷಯವನ್ನೇ ಬಿಟ್ಟಿತ್ತು! ಕ್ಯಾಲಿಫೋರ್ನಿಯಾ ಅದೇ ತಿಂಗಳು ಪರವಾನಗಿ ಅಮಾನತು ಮಾಡಿತು, ಸರಿ. 2024ರಲ್ಲಿ 15 ಲಕ್ಷ ಡಾಲರ್ ದಂಡವೂ ಬಿತ್ತು. ಆದರೆ ಕಂಪನಿ ಹೇಳಿದಷ್ಟನ್ನೇ ಸರ್ಕಾರ ನಂಬಿ ಕೂರುವ ವ್ಯವಸ್ಥೆ ಇದ್ದರೆ ಹೀಗೇ ಆಗುತ್ತದೆ. ಅಪಘಾತವಾದ ಕೂಡಲೇ ಕ್ಯಾಮೆರಾ, ಸೆನ್ಸರ್‌ಗಳ ಪೂರ್ತಿ ದಾಖಲೆ ನೇರವಾಗಿ ಅಧಿಕಾರಿಗಳಿಗೆ ಸೇರಬೇಕು, ಕಂಪನಿ ಆರಿಸಿ ಕೊಟ್ಟ ತುಣುಕಲ್ಲ. ಅನುಮತಿ ಪತ್ರದಲ್ಲೇ ಈ ಷರತ್ತು ಹಾಕಲಿ.