ಲೋಗನ್‌ನ ಗೋರಿ ಮತ್ತು ಸ್ಕಾರ್ಸೆಸಿಯ ತಕರಾರು

ಮಾರ್ವೆಲ್ ಚಿತ್ರಗಳು ಸಿನಿಮಾ ಅಲ್ಲ, ಥೀಮ್ ಪಾರ್ಕಿನಂಥವು ಎಂದು ಹಾಲಿವುಡ್‌ನ ಹಿರಿಯ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಹೇಳಿದ್ದು 2019ರ ಅಕ್ಟೋಬರಿನಲ್ಲಿ, ಎಂಪೈರ್ ಪತ್ರಿಕೆಯ ಸಂದರ್ಶನವೊಂದರಲ್ಲಿ. ಇಷ್ಟು ವರ್ಷಗಳಾದರೂ ಆ ಮಾತಿನ ಬಿಸಿ ಆರಿಲ್ಲ. ಯಾರೋ ಪಾಪ, ರಾತ್ರಿ ಆಟ ಮುಗಿಸಿ ಬಂದು ಹೊಸ ಸೂಪರ್‌ಹೀರೋ ಚಿತ್ರ ಚೆನ್ನಾಗಿದೆ ಎಂದು ಎರಡು ಸಾಲು ಬರೆದರೆ ಸಾಕು, ಬೆಳಗಾಗುವುದರೊಳಗೆ ಒಬ್ಬರು ಸ್ಕಾರ್ಸೆಸಿಯನ್ನು ಕರೆದುಕೊಂಡು ಬಂದಿರುತ್ತಾರೆ. ಅವರಿಗೆ ಉತ್ತರವಾಗಿ ಇನ್ನೊಬ್ಬರು, ‘ನಿಮ್ಮ ಪ್ರಶಸ್ತಿ ಸಿನಿಮಾಗಳನ್ನು ನಿರ್ದೇಶಕನ ಮನೆಯವರೂ ಪೂರ್ತಿ ನೋಡುವುದಿಲ್ಲ’ ಎನ್ನುತ್ತಾರೆ. ಆಮೇಲೆ ಶುರುವಾಗುವುದು ಬೀದಿ ನಲ್ಲಿಯ ಜಗಳ.

ಎರಡೂ ಕಡೆಯವರು ನನ್ನನ್ನು ತಮ್ಮವನೆಂದೇ ತಿಳಿದಿದ್ದಾರೆ. ಇವತ್ತು ಇಬ್ಬರಿಗೂ ಬೇಸರವಾಗಬಹುದು. ಮುಖವಾಡ ತೊಟ್ಟವನು ಹಾರಿದರೆ ಹಗುರ, ಮಧ್ಯವಯಸ್ಕನೊಬ್ಬ ಮಬ್ಬುಗತ್ತಲಲ್ಲಿ ಕುಳಿತು ಬಿಕ್ಕಿದರೆ ಗಂಭೀರ ಎಂಬ ಲೆಕ್ಕಾಚಾರ ಶುದ್ಧ ಸೋಮಾರಿತನ. ಚಿತ್ರ ಏನನ್ನಾದರೂ ನಿಜವಾಗಿ ಪಣಕ್ಕಿಟ್ಟಿದೆಯೇ, ಇಟ್ಟದ್ದನ್ನು ಕಳೆದುಕೊಳ್ಳುವ ಎದೆಗಾರಿಕೆ ಅದಕ್ಕಿದೆಯೇ ಎಂಬುದಷ್ಟೇ ನಾನು ಕೇಳುವ ಪ್ರಶ್ನೆ.

ಈ ಪ್ರಶ್ನೆ ಕೂಡ ಸ್ಕಾರ್ಸೆಸಿಯದೇ. ಥೀಮ್ ಪಾರ್ಕ್ ಎಂಬ ಮಾತನ್ನು ಎತ್ತಿಕೊಂಡು ಓಡಿದವರಲ್ಲಿ ಹೆಚ್ಚಿನವರು, ಅದಾದ ಮುಂದಿನ ತಿಂಗಳು ಅವರು ನ್ಯೂಯಾರ್ಕ್ ಟೈಮ್ಸ್‌ಗೆ ಬರೆದ ಲೇಖನವನ್ನು ಓದಿದಂತೆ ಕಾಣುವುದಿಲ್ಲ. ಅಲ್ಲಿ ಅವರು ಆ ಚಿತ್ರಗಳಲ್ಲಿ ದುಡಿದವರ ಪ್ರತಿಭೆಯನ್ನು ಹಳಿಯುವುದಿಲ್ಲ. ತಾನು ಈ ಕಾಲದಲ್ಲಿ ಬೆಳೆದವನಾಗಿದ್ದರೆ ಇಂಥ ಚಿತ್ರಗಳು ತನಗೂ ಹಿಡಿಸುತ್ತಿದ್ದವೇನೋ ಎನ್ನುತ್ತಾರೆ. ಹಿಚ್‌ಕಾಕ್‌ನ ಕೆಲವು ಚಿತ್ರಗಳೂ ಒಂದು ಬಗೆಯಲ್ಲಿ ಥೀಮ್ ಪಾರ್ಕುಗಳೇ ಎಂದು ಅವರೇ ಒಪ್ಪುತ್ತಾರೆ. ಅವರಿಗಿದ್ದ ಆಕ್ಷೇಪ ಬೇರೆ. ಮಾರುಕಟ್ಟೆಯ ಸಮೀಕ್ಷೆ ಮಾಡಿ, ಪ್ರೇಕ್ಷಕರಿಗೆ ತೋರಿಸಿ, ತಿದ್ದಿ, ಮತ್ತೆ ತೋರಿಸಿ, ಮತ್ತೆ ತಿದ್ದಿ ಸಿದ್ಧಪಡಿಸಿದ ಚಿತ್ರದಲ್ಲಿ ಯಾವ ಅಪಾಯವೂ ಉಳಿದಿರುವುದಿಲ್ಲ ಎಂಬುದು ಒಂದು. ಅಂಥ ಚಿತ್ರಗಳೇ ಪರದೆಗಳನ್ನೆಲ್ಲ ಆಕ್ರಮಿಸಿಕೊಂಡರೆ ಉಳಿದವರು ಎಲ್ಲಿಗೆ ಹೋಗಬೇಕು ಎಂಬುದು ಇನ್ನೊಂದು.

ಆಗ ಸಿಟ್ಟಾದವರಲ್ಲಿ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ಯ ನಿರ್ದೇಶಕ ಜೇಮ್ಸ್ ಗನ್ ಕೂಡ ಒಬ್ಬರು. ಸ್ಕಾರ್ಸೆಸಿಯ ‘ದ ಲಾಸ್ಟ್ ಟೆಂಪ್ಟೇಶನ್ ಆಫ್ ಕ್ರೈಸ್ಟ್’ ಚಿತ್ರವನ್ನು ನೋಡದೆಯೇ ಜನ ಚಿತ್ರಮಂದಿರಗಳ ಮುಂದೆ ಪ್ರತಿಭಟಿಸಿದಾಗ ನನಗೆ ಕೋಪ ಬಂದಿತ್ತು, ಈಗ ಅವರೇ ನನ್ನ ಚಿತ್ರಗಳ ಬಗ್ಗೆ ಹಾಗೇ ಮಾಡುತ್ತಿದ್ದಾರೆ ಎಂದು ನೊಂದುಕೊಂಡರು. ಇಡೀ ಗದ್ದಲದಲ್ಲಿ ನನಗೆ ತೂಕದ್ದೆನಿಸಿದ ಮರುಮಾತು ಅದೊಂದೇ. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಈ ಚಿತ್ರಗಳನ್ನು ‘ಹೇಯ’ ಎಂದು ಕರೆದದ್ದು ಬರೀ ಬೈಗುಳ. ಅದರಿಂದ ಯಾರಿಗೂ ಏನೂ ತಿಳಿಯಲಿಲ್ಲ.

ಈಗ ಅದೇ ಪ್ರಶ್ನೆಯನ್ನು ಗಂಭೀರ ಚಿತ್ರಗಳ ಬಣಕ್ಕೂ ಕೇಳೋಣ. 2019ರ ಫೆಬ್ರವರಿಯಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ‘ಬ್ಲ್ಯಾಕ್ ಪ್ಯಾಂಥರ್’, ‘ರೋಮಾ’, ‘ಗ್ರೀನ್ ಬುಕ್’ ಮೂರೂ ಕಣದಲ್ಲಿದ್ದವು. ಗೆದ್ದದ್ದು ‘ಗ್ರೀನ್ ಬುಕ್’. 1962ರ ಅಮೆರಿಕ, ಕಪ್ಪು ಪಿಯಾನೋ ವಾದಕ, ಬಿಳಿಯ ಕಾರು ಚಾಲಕ, ವರ್ಣಭೇದ ಉಸಿರಾಡುವ ದಕ್ಷಿಣದ ಊರುಗಳು: ವಿಷಯ ಗಂಭೀರವೇ. ಆದರೆ ಕಾರು ನ್ಯೂಯಾರ್ಕ್ ಬಿಡುವ ಮೊದಲೇ ಕೊನೆಯಲ್ಲಿ ಇಬ್ಬರೂ ಅಪ್ಪಿಕೊಳ್ಳುತ್ತಾರೆಂದು ಗೊತ್ತಿರುತ್ತದೆ. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟದ ಮೇಜಿನಲ್ಲಿ ಎಲ್ಲ ಸರಿಹೋಗುತ್ತದೆ. ನೋಡಿದವನು ತಾನು ಒಳ್ಳೆಯವನೆಂದುಕೊಂಡು ಮನೆಗೆ ಹೋಗುತ್ತಾನೆ. ಬೆಲ್ಟು ಬಿಗಿದು ಕೂರಿಸಿ, ಒಂದು ಸುತ್ತು ಹಾಕಿಸಿ, ಹತ್ತಿದಲ್ಲೇ ಇಳಿಸುವ ಆಟಿಕೆ ಗಾಡಿ ಇದಲ್ಲವಾದರೆ ಮತ್ತೇನು? ಇದನ್ನು ಸಿನಿಮಾ ಎಂದು ಒಪ್ಪಿಕೊಂಡವರು ‘ಬ್ಲ್ಯಾಕ್ ಪ್ಯಾಂಥರ್’ ಹೇಳುವ ವಕಾಂಡ ಎಂಬ ಕಲ್ಪಿತ ನಾಡಿನ ಕಥೆಯನ್ನು ಆಚೆಗಿಡಲು ಬೇರೆ ಕಾರಣ ಹುಡುಕಬೇಕಾಗುತ್ತದೆ.

ಇನ್ನು ತಂತ್ರಜ್ಞಾನದ ಮಡಿವಂತಿಕೆ. ಗ್ರಾಫಿಕ್ಸ್ ಇದ್ದರೆ ಕಲೆಯಿಲ್ಲ ಎನ್ನುವವರು ಸ್ಕಾರ್ಸೆಸಿಯ ‘ದ ಐರಿಶ್‌ಮನ್’ ಅನ್ನು ಇನ್ನೊಮ್ಮೆ ನೋಡಬೇಕು. ಎಪ್ಪತ್ತು ದಾಟಿದ ರಾಬರ್ಟ್ ಡಿ ನಿರೋರನ್ನು ಹರೆಯದವನನ್ನಾಗಿಸಿದ್ದು ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ. ‘ಸ್ಟಾರ್ ವಾರ್ಸ್’ಗಾಗಿ 1975ರಲ್ಲಿ ಹುಟ್ಟಿದ ಈ ಸಂಸ್ಥೆ ಮಾರ್ವೆಲ್‌ನ ಅನೇಕ ಚಿತ್ರಗಳಿಗೂ ಕೆಲಸ ಮಾಡಿದೆ. ಮಗಳನ್ನು ತಳ್ಳಿದನೆಂಬ ಸಿಟ್ಟಿಗೆ ಅಪ್ಪ ದಿನಸಿ ಅಂಗಡಿಯವನನ್ನು ಬೀದಿಗೆಳೆದು ಒದೆಯುವ ದೃಶ್ಯವೊಂದಿದೆ. ಮುಖಕ್ಕೆ ನಲವತ್ತರ ಆಸುಪಾಸು. ಕಾಲು ಮಾತ್ರ ಮುದುಕನದು; ಒದೆತಕ್ಕೆ ಬಿರುಸಿಲ್ಲ, ಸೊಂಟ ತಿರುಗುವುದಿಲ್ಲ. ಜಾಲತಾಣಗಳಲ್ಲಿ ಇದನ್ನು ಆಡಿಕೊಂಡು ನಕ್ಕವರು ಬಹಳ. ಆದರೂ ಆ ದೃಶ್ಯ ನಿಲ್ಲುತ್ತದೆ, ಏಕೆಂದರೆ ಪಕ್ಕದಲ್ಲಿ ಆ ಪುಟ್ಟ ಹುಡುಗಿ ನಿಂತು ನೋಡುತ್ತಿದ್ದಾಳೆ. ಆ ಒದೆತ ಅವಳಿಗೂ ಅಪ್ಪನಿಗೂ ನಡುವೆ ಏನನ್ನೋ ಮುರಿದುಹಾಕುತ್ತದೆ, ಮತ್ತು ಮೂರೂವರೆ ಗಂಟೆಯ ಚಿತ್ರ ಅದನ್ನು ಕೊನೆಯವರೆಗೂ ಬೆಸೆಯುವುದಿಲ್ಲ. ಪಣ ಎಂದರೆ ಇದು.

ಇದೇ ಬಗೆಯ ಪಣ 2017ರ ‘ಲೋಗನ್’ನಲ್ಲೂ ಇದೆ. ಸೂಪರ್‌ಹೀರೋ ಚಿತ್ರಗಳನ್ನು ಸಾರಾಸಗಟಾಗಿ ತಳ್ಳಿಹಾಕುವವರ ಮುಂದೆ ನಾನು ಇಡುವುದು ಇದನ್ನೇ. ಹ್ಯೂ ಜಾಕ್‌ಮನ್ 2000ನೇ ಇಸವಿಯಿಂದ ಮಾಡುತ್ತ ಬಂದ ವುಲ್ವರಿನ್ ಎಂಬ ಸೂಪರ್‌ಹೀರೋಗೆ, ಅಂದರೆ ಲೋಗನ್‌ಗೆ, ಇಲ್ಲಿ ವಯಸ್ಸಾಗಿದೆ. ಬಾಡಿಗೆಗೆ ಲಿಮೊಸಿನ್ ಓಡಿಸುತ್ತಾನೆ. ಅಕ್ಷರ ಕಾಣಲು ಕನ್ನಡಕ ಬೇಕು. ಉಗುರುಗಳು ಪೂರ್ತಿ ಹೊರಬರುವುದಿಲ್ಲ, ಗಾಯಗಳು ಮೊದಲಿನಂತೆ ಮಾಯುವುದಿಲ್ಲ. ಮಗುಚಿ ಬಿದ್ದ ನೀರಿನ ಟ್ಯಾಂಕೊಂದರಲ್ಲಿ ಅವನ ಹಳೆಯ ಗುರು ಪ್ರೊಫೆಸರ್ ಎಕ್ಸ್ ಅಡಗಿದ್ದಾನೆ. ಜಗತ್ತಿನ ಅತ್ಯಂತ ಬಲಶಾಲಿ ಮಿದುಳಿಗೆ ಮರೆವಿನ ಕಾಯಿಲೆ. ಅವನಿಗೆ ಗುಳಿಗೆ ನುಂಗಿಸುವುದು, ಬೈಗುಳ ತಿನ್ನುವುದು, ಎತ್ತಿ ಕೂರಿಸುವುದು, ಶೌಚಾಲಯಕ್ಕೆ ಕರೆದೊಯ್ಯುವುದು ಲೋಗನ್‌ನ ಪಾಡು. ಹಾಸಿಗೆ ಹಿಡಿದ ಹಿರಿಯರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಆ ಸಿಡಿಮಿಡಿಯೊಳಗಿನ ಅಕ್ಕರೆ ತಟ್ಟನೆ ಗುರುತು ಸಿಗುತ್ತದೆ. ಕೊನೆಗೆ ಲೋಗನ್ ಸಾಯುತ್ತಾನೆ, ಅವನನ್ನು ಹೂಳುತ್ತಾರೆ. ಗೋರಿಯ ಮೇಲಿನ ಶಿಲುಬೆಯನ್ನು ಒಬ್ಬ ಹುಡುಗಿ ಓರೆಯಾಗಿಸಿ, ಅವನ ಎಕ್ಸ್-ಮೆನ್ ಬಳಗದ ಗುರುತಾದ ಎಕ್ಸ್ ಅಕ್ಷರ ಮಾಡುತ್ತಾಳೆ, ಚಿತ್ರ ಮುಗಿಯುತ್ತದೆ. ಅಮೆರಿಕದ ಯಾವ ಕೌಟುಂಬಿಕ ಚಿತ್ರಕ್ಕೂ ಇದು ಕಡಿಮೆಯಿಲ್ಲ. ರೂಪಾಂತರಿತ ಚಿತ್ರಕಥೆಯ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನವೂ ಇದಕ್ಕೆ ಸಿಕ್ಕಿತ್ತು.

ಸ್ಕಾರ್ಸೆಸಿಯ ಎರಡನೆಯ ಆಕ್ಷೇಪಕ್ಕೆ ಬಂದರೆ, ಅಲ್ಲಿ ನಾನು ಪೂರ್ತಿ ಅವರ ಪಕ್ಷ. ‘ಅವೆಂಜರ್ಸ್: ಎಂಡ್‌ಗೇಮ್’ 2019ರ ಏಪ್ರಿಲ್‌ನಲ್ಲಿ ಅಮೆರಿಕ, ಕೆನಡಾಗಳ 4,600ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು, ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ‘ದ ಐರಿಶ್‌ಮನ್’ ಬಂದಾಗ, ನೆಟ್‌ಫ್ಲಿಕ್ಸ್‌ಗೂ ದೊಡ್ಡ ಚಿತ್ರಮಂದಿರ ಸರಪಳಿಗಳಿಗೂ ಹೊಂದಾಣಿಕೆಯಾಗದೆ, ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 1907ರಲ್ಲಿ ಕಟ್ಟಿದ ಬೆಲಾಸ್ಕೊ ಎಂಬ ನಾಟಕಶಾಲೆಯನ್ನು ಹಿಡಿದು ಅಲ್ಲಿ ಪ್ರದರ್ಶಿಸಬೇಕಾಯಿತು. ಸ್ಕಾರ್ಸೆಸಿಯಂಥವರಿಗೇ ಈ ಗತಿಯಾದರೆ ಹೆಸರಿಲ್ಲದವರ ಪಾಡು ಹೇಳುವುದೇ ಬೇಡ. ನಮ್ಮಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಣ್ಣ ಕನ್ನಡ ಚಿತ್ರವೊಂದನ್ನು ನೋಡೋಣವೆಂದು ಆ್ಯಪ್ ತೆರೆದರೆ, ಊರಿನ ಇನ್ನೊಂದು ತುದಿಯ ಮಾಲ್‌ನಲ್ಲಿ ಬೆಳಗಿನ ಒಂದೇ ಒಂದು ಆಟ. ರಜೆ ಹಾಕಿ ಹೋಗುವಷ್ಟರಲ್ಲಿ ಅದೂ ಎತ್ತಂಗಡಿ. ‘ಜನ ಬರುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇಷ್ಟಾಗಿಯೂ ಎರಡು ಲೋಕಗಳೂ ಒಂದನ್ನೊಂದು ಮುಟ್ಟಲಾರವು ಎಂದು ಕೂಗುವವರಿಗೆ 1977ನೇ ಇಸವಿಯನ್ನು ನೆನಪಿಸಬೇಕೆನಿಸುತ್ತದೆ. ಆ ವರ್ಷ ಅಲ್ಲಿ ‘ಸ್ಟಾರ್ ವಾರ್ಸ್’ ಬಂತು. ಅದರ ಸಂಕಲನಕ್ಕೆ ಆಸ್ಕರ್ ಪಡೆದವರಲ್ಲಿ ಒಬ್ಬರಾದ ಮಾರ್ಸಿಯಾ ಲ್ಯೂಕಸ್, ಸ್ಕಾರ್ಸೆಸಿಯ ‘ಟ್ಯಾಕ್ಸಿ ಡ್ರೈವರ್’ಗೂ ದುಡಿದಿದ್ದವರು. ಅದೇ ವರ್ಷ ಇಲ್ಲಿ ರಾಜ್‌ಕುಮಾರ್ ‘ಬಬ್ರುವಾಹನ’ದಲ್ಲಿ ಅರ್ಜುನನೂ ಆಗಿ, ಅವನ ಎದುರು ನಿಂತ ಮಗನೂ ಆಗಿ ಬಂದರು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವೂ 1977ರದೇ, ಸ್ವರ್ಣಕಮಲ ಗೆದ್ದ ಚಿತ್ರ. ಬಿಲ್ಲು ಬಾಣ ಹಿಡಿದ ಅಪ್ಪ ಮಗನ ವಾಗ್ವಾದಕ್ಕೆ ಶಿಳ್ಳೆ ಹಾಕಿದ ನಾಡಿನಲ್ಲೇ, ತಲೆ ಬೋಳಿಸಿಕೊಂಡು ಮರದಡಿ ಕುಳಿತ ಯಮುನಕ್ಕನನ್ನು ದೂರದಿಂದ ಕಂಡ ಪುಟ್ಟ ನಾಣಿಯ ನೋಟವನ್ನು ಮರೆಯದವರೂ ಇದ್ದರು. ‘ಘಟಶ್ರಾದ್ಧ’ದ ಪ್ರತಿಯನ್ನು ಸ್ಕಾರ್ಸೆಸಿ ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಹಾಗೂ ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಜೀರ್ಣೋದ್ಧಾರ ಮಾಡಿದವು. 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಹಣ ಕೊಟ್ಟದ್ದು ‘ಸ್ಟಾರ್ ವಾರ್ಸ್’ನ ಜಾರ್ಜ್ ಲ್ಯೂಕಸ್ ಮತ್ತು ಅವರ ಪತ್ನಿ ಮೆಲೊಡಿ ಹಾಬ್ಸನ್ ಅವರ ಪ್ರತಿಷ್ಠಾನ. ಬಾಹ್ಯಾಕಾಶದ ಕತ್ತಿವರಸೆಯಿಂದ ಬಂದ ದುಡ್ಡು ಮಲೆನಾಡಿನ ವೇದಪಾಠಶಾಲೆಯ ಕಥೆಯನ್ನು ಉಳಿಸಿತು. ಇಬ್ಬರಲ್ಲಿ ಯಾರನ್ನು ಬೈಯೋಣ ಹೇಳಿ.

ಹಾಗೆಂದು ಮಾರ್ವೆಲ್ ಅಭಿಮಾನಿಗಳು ಬೀಗುವುದೂ ಬೇಡ. ‘ಲೋಗನ್’ ಮಾಡಿದ ಸಾಹಸಕ್ಕೆ ಏನಾಯಿತೆಂದು ನೋಡಿ. 2024ರ ‘ಡೆಡ್‌ಪೂಲ್ ಅಂಡ್ ವುಲ್ವರಿನ್’ ಶುರುವಾಗುವುದೇ ಆ ಗೋರಿಯನ್ನು ಅಗೆಯುವುದರಿಂದ. ಡೆಡ್‌ಪೂಲ್ ಎಂಬ ಇನ್ನೊಬ್ಬ ಮಾರ್ವೆಲ್ ನಾಯಕ ಲೋಗನ್‌ನ ಅಸ್ಥಿಪಂಜರವನ್ನು ಹೊರಗೆಳೆದು, ಒಂದೊಂದೇ ಮೂಳೆಯನ್ನು ಆಯುಧ ಮಾಡಿಕೊಂಡು, ಕುಣಿಯುತ್ತ ಕುಣಿಯುತ್ತ ಶತ್ರುಗಳನ್ನು ಕೊಲ್ಲುತ್ತಾನೆ. ತಮಾಷೆಯಾಗಿದೆ, ನಾನೂ ನಕ್ಕೆ. ಬೇರೊಂದು ಜಗತ್ತಿನ ವುಲ್ವರಿನ್ ಬಂದು ಕೆಲಸಕ್ಕೆ ಸೇರಿಕೊಂಡ, ಚಿತ್ರ 130 ಕೋಟಿ ಡಾಲರ್ ದಾಟಿತು. ಸ್ಕಾರ್ಸೆಸಿ ಹೇಳಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ಅವರ ಅಭಿಮಾನಿಗಳೂ ಒದಗಿಸಲಾರರು.

ಇದರ ಬೆನ್ನಿಗೇ ಇನ್ನೊಂದು. ಐರನ್ ಮ್ಯಾನ್ ಆದ ಟೋನಿ ಸ್ಟಾರ್ಕ್ ‘ಎಂಡ್‌ಗೇಮ್’ನಲ್ಲಿ ಸತ್ತಾಗ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ನನ್ನ ಪಕ್ಕದ ಹುಡುಗ ಟಿ-ಶರ್ಟಿನ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ. ಅವನ ದುಃಖ ಸುಳ್ಳಲ್ಲ. ಆ ಪಾತ್ರ ಮಾಡಿದ ರಾಬರ್ಟ್ ಡೌನಿ ಜೂನಿಯರ್ 2024ರ ಮಾರ್ಚ್‌ನಲ್ಲಿ ‘ಓಪನ್‌ಹೈಮರ್’ ಚಿತ್ರಕ್ಕಾಗಿ ಪೋಷಕ ನಟನ ಆಸ್ಕರ್ ಪಡೆದರು. ಜುಲೈಯಲ್ಲಿ, ಡಾಕ್ಟರ್ ಡೂಮ್ ಎಂಬ ಖಳನಾಗಿ ಮಾರ್ವೆಲ್‌ಗೆ ಮರಳುತ್ತಾರೆ ಎಂಬ ಘೋಷಣೆಯಾಯಿತು. ಪಾತ್ರ ಬೇರೆ, ಮುಖ ಅದೇ. ಆ ಚಿತ್ರಕ್ಕೆ ನಾನೂ ಟಿಕೆಟ್ ಕೊಳ್ಳುವವನೇ. ಆದರೆ ಅದರಲ್ಲಿ ಯಾರಾದರೂ ಸತ್ತರೆ, ಆ ನಟನ ಒಪ್ಪಂದದಲ್ಲಿ ಇನ್ನೆಷ್ಟು ಚಿತ್ರಗಳು ಬಾಕಿಯಿವೆ ಎಂದು ವಿಚಾರಿಸಿಕೊಂಡ ಮೇಲೆಯೇ ಕರವಸ್ತ್ರ ತೆಗೆಯುತ್ತೇನೆ.